ಕರುವಿನ ಮೈಮೇಲಿನ ಅರ್ಧ ಲೀಟರ್ ನೀರು

ತಾಯಿಯ ಹೊಟ್ಟೆಯೊಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಹೊರಗೆ ಮೈನಸ್ 10 ಡಿಗ್ರಿ ಅಂದುಕೊಳ್ಳಿ. ಹೆಚ್ಚುಕಮ್ಮಿ 283 ದಿನ ಬೆಚ್ಚಗಿದ್ದ ಕರು ಕಣ್ಣು ಮಿಟುಕಿಸುವಷ್ಟರಲ್ಲಿ 49 ಡಿಗ್ರಿ ಕೆಳಕ್ಕೆ ಜಾರುತ್ತದೆ. ಅದೂ ಮೂಗಿನಿಂದ ಬಾಲದವರೆಗೆ ತೊಯ್ದುಕೊಂಡು.

ಚಳಿನಾಡುಗಳಲ್ಲಿ ದನ ಸಾಕುವವರು ಹಸುಗಳು ಈಯುವ ಕಾಲ ಬಂತೆಂದರೆ ಥರ್ಮಾಮೀಟರ್ ನೋಡುತ್ತಲೇ ಇರುತ್ತಾರೆ. ಆದರೆ ಕರುವಿನ ಜೀವಕ್ಕೆ ಚಳಿಗಿಂತ ದೊಡ್ಡ ಕುತ್ತು ಆ ಒದ್ದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕರುವಿನ ಕೂದಲಲ್ಲಿ ಅರ್ಧ ಲೀಟರ್ ನೀರು ಉಳಿದಿದೆ ಅಂತ ಇಟ್ಟುಕೊಳ್ಳಿ. ಅಷ್ಟು ನೀರು ಆವಿಯಾಗಲು ಸುಮಾರು 1200 ಕಿಲೊಜೌಲ್ ಶಾಖ ಬೇಕು. ಅಷ್ಟೂ ಶಾಖ 35 ಕಿಲೋ ತೂಕದ ಕರುವಿನ ಮೈಯಿಂದಲೇ ಹೋದರೆ, ಕರು ತಾನಾಗಿ ಬಿಸಿ ಹುಟ್ಟಿಸದಿದ್ದರೆ, ಮೈಬಿಸಿ ಹತ್ತಿರ ಹತ್ತಿರ 10 ಡಿಗ್ರಿ ಇಳಿಯುತ್ತದೆ. ಮೈಬಿಸಿ 34 ಡಿಗ್ರಿಗೆ ಇಳಿದ ಕರುವನ್ನು ಉಳಿಸಿಕೊಳ್ಳುವುದೇ ಕಷ್ಟ. ಜೊತೆಗೆ ಗಾಳಿ ಬೀಸಿದರಂತೂ ಮೈ ಸುತ್ತಲಿನ ತೆಳ್ಳಗಿನ ಬೆಚ್ಚನೆ ಪದರವೂ ಹಾರಿಹೋಗುತ್ತದೆ.

ಹಸು ಕರುವನ್ನು ನೆಕ್ಕುವುದು ಮುದ್ದಿಗೆ ಮಾತ್ರ ಅಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಒರಟು ನಾಲಿಗೆ ಲೋಳೆಯನ್ನು ಎಳೆದು ತೆಗೆಯುತ್ತದೆ. ಚರ್ಮ ತಿಕ್ಕಿದಂತಾಗಿ ರಕ್ತ ಓಡಾಡುತ್ತದೆ, ಉಸಿರು ಚುರುಕಾಗುತ್ತದೆ. ಕೂದಲು ಎದ್ದು ನಿಲ್ಲುತ್ತದೆ, ಅದರ ನಡುವೆ ಗಾಳಿ ಸಿಕ್ಕಿಕೊಂಡು ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ತಾಯಿ ಸುಸ್ತಾಗಿ ಏಳದಿದ್ದರೆ ಈ ಕೆಲಸ ನಮ್ಮದು. ಒಣ ಬಟ್ಟೆ ಹಿಡಿದು ಜೋರಾಗಿ ಉಜ್ಜಬೇಕು. ಮೆತ್ತಗೆ ಒರೆಸಿದರೆ ಸಾಲದು.

ಕರು ಏನೂ ಇಲ್ಲದೆ ಬರಿಗೈಯಲ್ಲಿ ಹುಟ್ಟುವುದಿಲ್ಲ. ಮೂತ್ರಪಿಂಡದ ಸುತ್ತಮುತ್ತ ಕಂದು ಕೊಬ್ಬು ಅನ್ನುವ ವಿಶೇಷ ಕೊಬ್ಬು ಇಟ್ಟುಕೊಂಡೇ ಬರುತ್ತದೆ. ತೂಕದಲ್ಲಿ ಇದು ಮೈಯ ಸುಮಾರು ನೂರರಲ್ಲಿ ಎರಡು ಪಾಲು ಅಷ್ಟೇ. ಬೇರೆ ಜೀವಕೋಶಗಳು ಆಹಾರವನ್ನು ಉರಿಸಿ ಕೆಲಸಕ್ಕೆ ಬೇಕಾದ ಶಕ್ತಿ ಮಾಡಿಕೊಳ್ಳುತ್ತವೆ. ಕಂದು ಕೊಬ್ಬಿನ ಕೋಶಗಳಲ್ಲಿ ಒಂದು ಪ್ರೋಟೀನ್ ಆ ದಾರಿ ತಪ್ಪಿಸಿ, ಉರಿಸಿದ್ದನ್ನೆಲ್ಲ ನೇರವಾಗಿ ಬಿಸಿಯಾಗಿಸುತ್ತದೆ. ನಡುಗದೆಯೂ ಮೈ ಕಾಯುತ್ತದೆ. ಆದರೆ ಈ ಒಲೆಗೆ ಸೌದೆ ತೀರಾ ಕಮ್ಮಿ. ಕೆಲವೇ ಗಂಟೆಗಳ ಮಾತು. ಅಷ್ಟರೊಳಗೆ ಹೊಟ್ಟೆಗೆ ಗಿಣ್ಣು ಹಾಲು ಬೀಳಲೇಬೇಕು.

ಗಿಣ್ಣು ಹಾಲಿನಲ್ಲಿ ಮಾಮೂಲಿ ಹಾಲಿಗಿಂತ ಕೊಬ್ಬು ಜಾಸ್ತಿ, ಹಾಗಾಗಿ ಅದು ಸೌದೆಯೂ ಹೌದು. ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರೋಗನಿರೋಧಕ ಕಣಗಳನ್ನು ಪಡೆದುಕೊಂಡಿರುತ್ತದೆ. ಹಸುವಿನ ಮಾಸಿನಲ್ಲಿ ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಪದರಗಳು ಜಾಸ್ತಿ. ಆ ಕಣಗಳು ದಾಟುವುದೇ ಇಲ್ಲ. ಕರುವಿಗೆ ಅವು ಸಿಗುವುದು ಗಿಣ್ಣಿನಿಂದ ಮಾತ್ರ. ಹುಟ್ಟಿದ ಹೊತ್ತಿನಲ್ಲಿ ಕರುಳಿನ ಗೋಡೆ ಆ ದೊಡ್ಡ ಕಣಗಳನ್ನು ಇಡಿಯಾಗಿ ಒಳಗೆ ಬಿಡುತ್ತದೆ. ಗಂಟೆ ಕಳೆದಂತೆ ಬಾಗಿಲು ಮುಚ್ಚುತ್ತಾ ಬಂದು, 24 ಗಂಟೆಯ ಹೊತ್ತಿಗೆ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲ ನಾಲ್ಕಾರು ಗಂಟೆಗೆ ಅಷ್ಟು ಬೆಲೆ. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 35 ಕಿಲೋ ಕರುವಿಗೆ ಮೂರೂವರೆ ಲೀಟರ್ ಆಸುಪಾಸು ಕುಡಿಸಬೇಕು. ಚಳಿಗೆ ಸೋತ ಕರು ಎದ್ದು ನಿಲ್ಲುವುದೇ ತಡ, ಕುಡಿಯುವುದು ಇನ್ನೂ ತಡ. ಬೆಳಿಗ್ಗೆ ಚೆನ್ನಾಗಿಯೇ ಇದ್ದ ಕರು ವಾರ ಕಳೆದ ಮೇಲೆ ಬೇದಿ ಹತ್ತಿ ಸತ್ತಿದ್ದರೆ, ಎಷ್ಟೋ ಸಲ ಅದರ ಬೇರು ಆ ಮೊದಲ ರಾತ್ರಿಯ ಒದ್ದೆಯಲ್ಲೇ ಇರುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬ ಸಂಕಟ ತರುವುದು ಇದೇ.

ಒಂದು ಎಚ್ಚರಿಕೆ. ಹೆಚ್ಚಾದ ಗಿಣ್ಣನ್ನು ಫ್ರೀಜರಿನಲ್ಲಿ ಇಟ್ಟುಕೊಂಡಿದ್ದರೆ ಆಪತ್ತಿಗೆ ಆಗುತ್ತದೆ, ಆದರೆ ಕುದಿಯುವ ನೀರಿನಲ್ಲಿ ಕರಗಿಸಬೇಡಿ. ನೀರು 50 ಡಿಗ್ರಿ ದಾಟಬಾರದು. ದಾಟಿದರೆ ಆ ಕಣಗಳು ಬೆಂದು ಕೆಡುತ್ತವೆ.

ತಾಯಿಗೂ ಒದ್ದೆಯ ಲೆಕ್ಕ ಇದೇ. ಚಳಿಗಾಲದ ದಟ್ಟ ಕೂದಲು ಒಣಗಿದ್ದರೆ ಹಸು ಮೈನಸ್ 8 ಡಿಗ್ರಿ ಆಸುಪಾಸಿನವರೆಗೂ ಹೆಚ್ಚಿನ ಮೇವು ಬೇಡದೆ ತಡೆದುಕೊಳ್ಳುತ್ತದೆ. ಅದೇ ಕೂದಲು ನೆನೆದರೆ 15 ಡಿಗ್ರಿಗೇ ಮೈ ಕಾಯಿಸಿಕೊಳ್ಳಲು ಹೆಣಗಬೇಕು. ಹಿಮಕ್ಕಿಂತ ಜಡಿಮಳೆ ಮತ್ತು ಕೆಸರು ಕೆಟ್ಟವು ಅಂತ ಅನುಭವಸ್ಥರು ಹೇಳುವುದು ಸುಮ್ನೆ ಅಲ್ಲ. ಗಾಳಿ ತಡೆಯುವ ಬೇಲಿಯೂ ಪೂರ್ತಿ ಮುಚ್ಚಿದ ಗೋಡೆಯಾಗಿದ್ದರೆ ಗಾಳಿ ಮೇಲಿನಿಂದ ಧುಮುಕಿ ಹಿಮವನ್ನು ಗೋಡೆಯ ಹಿಂದೆಯೇ ಸುರಿಯುತ್ತದೆ. ಹಲಗೆಗಳ ನಡುವೆ ಒಟ್ಟು ಬೇಲಿಯ ನಾಲ್ಕನೇ ಒಂದು ಪಾಲಿನಷ್ಟು ಸಂದು ಬಿಟ್ಟರೆ ಗಾಳಿಯ ಬಿರುಸು ಮುರಿಯುತ್ತದೆ, ಬೇಲಿಯ ಎತ್ತರದ ಎಂಟು ಹತ್ತು ಪಟ್ಟು ದೂರದವರೆಗೂ ಮರೆ ಸಿಗುತ್ತದೆ. ಅಲ್ಲಿ ದಪ್ಪಗೆ ಒಣಹುಲ್ಲು ಹಾಸಿದರೆ ಕರು ಅದರೊಳಗೆ ಹುದುಗಿಕೊಳ್ಳುತ್ತದೆ.

ನಟ್ಟಿರುಳಿನ ಹೆರಿಗೆಯನ್ನೇ ಕಮ್ಮಿ ಮಾಡಬಹುದು ಅಂದರೆ ನಂಬುತ್ತೀರಾ? ಕೆನಡಾದ ಮ್ಯಾನಿಟೋಬಾದಲ್ಲಿ ದನ ಸಾಕುತ್ತಿದ್ದ ಗಸ್ ಕೊನೆಫಲ್ ಗಬ್ಬದ ಹಸುಗಳಿಗೆ ರಾತ್ರಿ ಹೊತ್ತು ಮೇವು ಹಾಕಿ, ಹಗಲಿನಲ್ಲೇ ಜಾಸ್ತಿ ಕರುಗಳು ಹುಟ್ಟುವುದನ್ನು ತೋರಿಸಿಕೊಟ್ಟರು. ಅಮೆರಿಕದ ಅಯೋವಾದಲ್ಲಿ 15 ಫಾರ್ಮ್‌ಗಳ 1331 ಹಸುಗಳಿಗೆ ದಿನಕ್ಕೊಂದೇ ಸಲ, ಮುಸ್ಸಂಜೆಗೆ ಮೇವು ಹಾಕಿದಾಗ ನೂರಕ್ಕೆ 85 ಕರುಗಳು ಬೆಳಿಗ್ಗೆ 6ರಿಂದ ಸಂಜೆ 6ರೊಳಗೆ ಹುಟ್ಟಿದವು. ಮೆಲುಕು ಹಾಕುವ ದೊಡ್ಡ ಹೊಟ್ಟೆಯ ಚಲನೆ ಹೆರಿಗೆಗೆ ಕೆಲವು ಗಂಟೆ ಮುಂಚೆ ಇಳಿಯುತ್ತದೆ. ರಾತ್ರಿ ಹೊಟ್ಟೆ ತುಂಬಿ ಕೆಲಸ ನಡೆಯುತ್ತಿದ್ದರೆ, ಹೆರಿಗೆ ಬೆಳಗಿನವರೆಗೆ ಕಾಯುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಎಲ್ಲ ಹಸುವೂ ಮಾತು ಕೇಳುವುದಿಲ್ಲ ನಿಜ. ಆದರೂ ಖರ್ಚಿಲ್ಲದ ಉಪಾಯ, ಅಲ್ವಾ?

ಕಷ್ಟದ ಹೆರಿಗೆಯ ಕರುವಿನ ಮೇಲೆ ಎರಡು ಪಟ್ಟು ನಿಗಾ ಬೇಕು. ಆಮ್ಲಜನಕ ಸಾಲದೆ ಬಳಲಿರುತ್ತದೆ, ಮೈ ಕಾಯಿಸಿಕೊಳ್ಳುವ ತ್ರಾಣವೂ ಕಮ್ಮಿ. ಮೂಗಿನ ನೀರು ಇಳಿಯಲಿ ಅಂತ ಹಿಂಗಾಲು ಕಟ್ಟಿ ತಲೆಕೆಳಗೆ ನೇತುಹಾಕುವ ಹಳೇ ರೂಢಿ ದಯವಿಟ್ಟು ಬಿಟ್ಟುಬಿಡಿ. ಹೊಟ್ಟೆಯೊಳಗಿನದ್ದೆಲ್ಲ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಪರದೆಯ ಮೇಲೆ ಬಿದ್ದು ಉಸಿರಾಡಲು ಇನ್ನೂ ಕಷ್ಟವಾಗುತ್ತದೆ. ಎದೆ ನೆಲಕ್ಕೆ ತಾಗುವಂತೆ ನೆಟ್ಟಗೆ ಕೂರಿಸಿ, ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿ. ಸೀನು ಬಂದರೆ ಶ್ವಾಸಕೋಶ ತೆರೆದುಕೊಳ್ಳುತ್ತದೆ.

ಇನ್ನು ಬಿದ್ದಲ್ಲೇ ಬಿದ್ದಿರುವ ಕರು. ಅದರ ಬಾಯೊಳಗೆ ಬೆರಳಿಡಿ. ಒಳಗೆ ಬೆಚ್ಚಗಿದ್ದು ನಾಲಿಗೆ ಬೆರಳನ್ನು ಸುತ್ತಿ ಎಳೆದರೆ ಭಯವಿಲ್ಲ, ಬೇಗ ಗಿಣ್ಣು ಕುಡಿಸಿ. ಬಾಯಿ ತಣ್ಣಗಿದ್ದು ಎಳೆತವೇ ಇಲ್ಲದಿದ್ದರೆ ಕರು ಒಳಗಿನಿಂದಲೇ ತಣ್ಣಗಾಗಿದೆ ಅಂತ ಅರ್ಥ. ನಡುಕ ನಿಂತಿದ್ದರೆ ಅದು ಸುಧಾರಿಸಿದ ಲಕ್ಷಣವಲ್ಲ, ನಡುಗುವ ಶಕ್ತಿಯೂ ಮುಗಿದ ಲಕ್ಷಣ. ತಲೆ ಮೇಲೆತ್ತಿ ಹಿಡಿದುಕೊಂಡು, ಮೈಬಿಸಿಯಷ್ಟೇ, ಅಂದರೆ 38 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಳಿಸಬೇಕು. ನೀರು ಬೇಗ ಆರುತ್ತದೆ, ಮತ್ತೆ ಮತ್ತೆ ಬಿಸಿನೀರು ಬೆರೆಸುತ್ತಿರಬೇಕು. ಮೈಬಿಸಿ 38ಕ್ಕೆ ಬಂದು, ಬಾಯಿ ಮತ್ತೆ ಬೆರಳನ್ನು ಚೀಪತೊಡಗಿದರೆ ಹೊರಗೆ ತೆಗೆದು ಒರೆಸಿ, ಗಿಣ್ಣು ಕುಡಿಸಿ.

ತಾಯಿಯ ಹತ್ತಿರ ಬಿಡುವ ಮುಂಚೆ ಇನ್ನೊಂದು ಸಲ ಕೈಯಾಡಿಸಿ. ಮೇಲೆ ಒಣಗಿದಂತೆ ಕಂಡರೂ ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ ಕೂದಲು ಬಿಡಿಸಿ ಬುಡ ಮುಟ್ಟಿ ನೋಡಿ. ಬುಡ ಒದ್ದೆ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಒಳಗೇ ಇರಲಿ.