ಹಂಚಿನ ಸಂದಿಗೆ ಸಿಮೆಂಟು ಮೆತ್ತಬೇಡಿ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಮಾಡು ಸೋರುತ್ತಿದೆ, ಕಳೆದ ವರ್ಷವೇ ಹಂಚಿನ ಸಂದಿಗಳಿಗೆಲ್ಲ ಸಿಮೆಂಟು ಹಾಕಿಸಿದ್ದೆವು, ಆದರೂ ಸೋರುತ್ತಿದೆ, ಈ ಸಲ ಇನ್ನೂ ಗಟ್ಟಿಯಾದದ್ದು ಏನು ಹಾಕಿಸಬೇಕು? ಕರಾವಳಿಯ ಹಳೆಯ ಹಂಚಿನ ಮನೆಗಳ ದುರಸ್ತಿಯಲ್ಲಿಯೇ ಇಪ್ಪತ್ತೈದು ವರ್ಷ ಕಳೆದಿರುವ ನನಗೆ ಆ ‘ಆದರೂ’ ಎಂಬ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಎಷ್ಟೋ ಮನೆಗಳಲ್ಲಿ ಅದು ‘ಅದರಿಂದಲೇ’ ಎಂದಾಗಬೇಕಾದ ಮಾತು.

ಕಾಂಕ್ರೀಟ್ ತಾರಸಿ ನೀರನ್ನು ತಡೆಯುತ್ತದೆ, ಹಂಚಿನ ಮಾಡು ನೀರನ್ನು ಜಾರಿಸುತ್ತದೆ. ಮಂಗಳೂರು ಹಂಚೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಅದರ ಒಂದು ಅಂಚಿನಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಿದೆ, ಇನ್ನೊಂದು ಅಂಚಿನಲ್ಲಿ ಪಕ್ಕದ ಹಂಚಿನ ಕಾಲುವೆಯೊಳಗೆ ಕೂರುವ ಏಣು ಇದೆ. ಗಾಳಿಮಳೆಗೆ ಸಂದಿಯೊಳಗೆ ಸ್ವಲ್ಪ ನೀರು ನುಗ್ಗುವುದು ಸಹಜ. ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಹಂಚಿನ ಬೆನ್ನಿನ ಮೇಲೆ ಹೊರಗೆ ಬೀಳಲೆಂದೇ ಈ ಏರ್ಪಾಡು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸುವ ಮೊದಲು ನಮ್ಮಲ್ಲಿದ್ದ ನಾಡಹಂಚಿಗೆ ಈ ಕಾಲುವೆ ಇರಲಿಲ್ಲ. ಆದ್ದರಿಂದಲೇ ಮಳೆಗಾಲಕ್ಕೆ ಮುಂಚೆ ಇಡೀ ಮಾಡಿನ ಹಂಚನ್ನು ಕೈಯಾಡಿಸಬೇಕಾಗುತ್ತಿತ್ತು. ಆ ದುಡಿಮೆಯಿಂದ ನಮ್ಮನ್ನು ಪಾರುಮಾಡಿದ ಕಾಲುವೆಯನ್ನೇ ನಾವು ದುಡ್ಡು ಕೊಟ್ಟು ಮುಚ್ಚಿಸುತ್ತಿದ್ದೇವೆ.

ಮುಚ್ಚಿದರೆ ಆಗುವುದೇನೆಂದರೆ, ಒಳಗೆ ಹೊಕ್ಕ ನೀರಿಗೆ ಹೊರಹೋಗುವ ದಾರಿ ಇಲ್ಲದಾಗಿ ಅದು ಅಲ್ಲಿಯೇ ಕಟ್ಟಿ ನಿಂತು, ಅಡ್ಡಕ್ಕೆ ಹರಿದು, ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಮೇಲೆ ಇಳಿಯುತ್ತದೆ. ಸಿಮೆಂಟಾದರೂ ನಿಲ್ಲುವುದೇ ಎಂದರೆ ಅದೂ ಇಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರೊಂದಿಗೆ ಹಂಚೂ ಕೂದಲೆಳೆಯಷ್ಟು ಕದಲುತ್ತದೆ. ಬಗ್ಗಲಾರದ ಸಿಮೆಂಟು ಎರಡನೆಯ ವರ್ಷಕ್ಕೆ ಬಿರುಕು ಬಿಡುತ್ತದೆ, ಮತ್ತು ಆ ಕೂದಲೆಳೆ ಬಿರುಕು ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಸಂದಿಗಳಲ್ಲಿ ಗಾಳಿಯಾಡದ ಕಾರಣ ಒದ್ದೆಯಾದ ಮರ ಒಣಗುವುದಿಲ್ಲ, ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಕೊಳೆತು ಕುಂಬಾಗುತ್ತದೆ. ಹಂಚಿನ ಮೇಲೆ ದಪ್ಪನೆಯ ಬಣ್ಣ ಬಳಿಸುವವರಿಗೂ ನಾನು ಇದನ್ನೇ ಹೇಳುತ್ತೇನೆ: ಚಂದಕ್ಕೆ ಬಳಿಯಬಹುದು, ಕಾಲುವೆಯಲ್ಲಿ ತುಂಬಿಕೊಳ್ಳುವಂತೆ ಬಳಿಯಬಾರದು, ಸೋರಿಕೆ ನಿಲ್ಲುತ್ತದೆಂದು ಬಳಿಯಲೇಬಾರದು.

‘ಹಾಗಾದರೆ ಮಾಡಿನ ನೆತ್ತಿಯ ಹಂಚಿಗೆ ಗಾರೆ ಹಾಕುತ್ತಾರಲ್ಲ?’ ಎಂದು ಅನೇಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನೆತ್ತಿಗೆ ಮೇಲಿನಿಂದ ಹರಿದು ಬರುವ ನೀರಿಲ್ಲ, ನೇರವಾಗಿ ಬಿದ್ದ ಮಳೆ ಎರಡೂ ಕಡೆಗೆ ಇಳಿದುಹೋಗುತ್ತದೆ. ಅಲ್ಲಿ ಗಾರೆಯ ಕೆಲಸ ಆ ಹಂಚನ್ನು ಗಾಳಿಗೆ ಹಾರದಂತೆ ಹಿಡಿದಿಡುವುದು. ಅದೂ ಬಿರುಕು ಬಿಡುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ನೋಡಬೇಕು. ಬರಿಯ ಸಿಮೆಂಟಿಗಿಂತ ಸುಣ್ಣ ಬೆರೆಸಿದ ಗಾರೆ ಇಲ್ಲಿ ಹೆಚ್ಚು ಬಾಳುತ್ತದೆ.

ಪುತ್ತೂರಿನ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಇದ್ದರು. ದೂರದ ಊರಿನಲ್ಲಿರುವ ಮಗ ತಾಯಿಯ ಮೇಲಿನ ಕಾಳಜಿಯಿಂದ ಎರಡು ವರ್ಷ ಹಣ ಕಳಿಸಿ, ಸೋರುವಲ್ಲೆಲ್ಲ ಮೆತ್ತಿಸಿದ್ದರು. ನಾನು ಹೋದಾಗ ಆ ಅಮ್ಮ, “ಅಲ್ಲ ಮಾರಾಯರೇ, ಮೆತ್ತಿದಲ್ಲಿ ನಿಂತಿತು, ಈಗ ದೇವರ ಕೋಣೆಗೇ ಬರ್ತಾ ಉಂಟಲ್ಲ?” ಎಂದರು. ಮಳೆ ಸುರಿಯುತ್ತಿರುವಾಗಲೇ ಟಾರ್ಚು ಹಿಡಿದು ಅಟ್ಟ ಹತ್ತಿದೆ. ದೇವರ ಕೋಣೆಯ ನೇರ ಮೇಲಿನ ಹಂಚು ಒಣಗಿಯೇ ಇತ್ತು. ನೀರು ಅಲ್ಲಿಂದ ಏಳೆಂಟು ಅಡಿ ಮೇಲೆ ಒಳಬಂದು, ರೀಪನ್ನು ಹೊರುವ ಇಳಿಜಾರು ಮರವಾದ ಪಕ್ಕಾಸಿನ ಹೊಟ್ಟೆಗೆ ಅಂಟಿಕೊಂಡು ಇಳಿದು, ಗಂಟಿರುವ ಕಡೆ ತೊಟ್ಟಿಕ್ಕುತ್ತಿತ್ತು. ಮೇಲೆ ಎರಡು ಪಕ್ಕಾಸುಗಳು ಗೆದ್ದಲು ಹಿಡಿದು ಬಗ್ಗಿದ್ದರಿಂದ ಆ ಸಾಲಿನ ಹಂಚುಗಳು ತಗ್ಗಿ ಬಾಯಿ ಬಿಟ್ಟಿದ್ದವು. ಮಳೆ ಬಿಟ್ಟ ಮೇಲೆ ಎರಡು ಪಕ್ಕಾಸು, ನಾಲ್ಕು ರೀಪು, ಹದಿನಾಲ್ಕು ಹಂಚು ಬದಲಾಯಿಸಿದೆವು. ಮೆತ್ತಿದ್ದ ಸಿಮೆಂಟನ್ನು ಉಳಿಯಿಂದ ಬಿಡಿಸಲು ಅದರ ಮೂರರಷ್ಟು ಸಮಯ ಹಿಡಿಯಿತು, ಬಿಡಿಸುವಾಗ ಒಡೆದುಹೋದ ಒಳ್ಳೆಯ ಹಂಚುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಪ್ರತಿಯೊಂದು ಮಾಡನ್ನೂ ಕಣ್ಣಾರೆ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಆದರೂ ಹೊಸ ಹಂಚು ಕೊಳ್ಳುವ ಮುನ್ನ ಹಳೆಯದನ್ನು ಪರೀಕ್ಷಿಸಿ ಎನ್ನಬಲ್ಲೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದ ಹಂಚು ಗಂಟೆಯಂತೆ ದನಿ ಕೊಡುತ್ತದೆ, ಒಳಗೆ ಬಿರುಕಿದ್ದರೆ ಸತ್ತ ದನಿ. ಒಣಗಿದಾಗ ಎರಡೂವರೆ ಕಿಲೋ ಇರುವ ಹಂಚು 24 ಗಂಟೆ ನೀರಿನಲ್ಲಿ ಮುಳುಗಿದ ಮೇಲೆ ಮೂರು ಕಿಲೋ ದಾಟಿದರೆ ಅದು ತೀರಾ ನೀರು ಕುಡಿಯುತ್ತದೆ ಎಂದೇ ತಿಳಿಯಬೇಕು. ಬದಲಾಯಿಸುವಾಗ ಅದೇ ಕಾರ್ಖಾನೆಯ ಮುದ್ರೆಯಿರುವ ಹಳೆಯ ಹಂಚನ್ನೇ ಹುಡುಕಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಒಂದೆರಡು ನೂಲು ವ್ಯತ್ಯಾಸವಾದರೂ ಏಣು ಕಾಲುವೆಯಲ್ಲಿ ಕೂರುವುದಿಲ್ಲ. ಇಡೀ ಮಾಡನ್ನೇ ಹೊಸದಾಗಿ ಮಾಡಿಸುವವರು ಹಂಚನ್ನು ಮೊದಲು ತರಿಸಿ, ಹತ್ತು ಹಂಚುಗಳನ್ನು ನೆಲದ ಮೇಲೆ ಜೋಡಿಸಿ ಒಮ್ಮೆ ಎಳೆದು ಒಮ್ಮೆ ಒತ್ತಿ ಅಳೆದು, ಆ ಎರಡರ ಸರಾಸರಿಯ ಮೇಲೆ ರೀಪಿನ ಅಂತರ ನಿರ್ಧರಿಸಬೇಕು. ರೀಪು ಹೊಡೆದ ಮೇಲೆ ಹಂಚು ತರಿಸುವ ಕ್ರಮ ತಪ್ಪು.

ಇಳಿಜಾರಿನಲ್ಲಿ ಜಿಪುಣತನ ಬೇಡ. ನಮ್ಮ ಮಳೆಗೆ ಗೋಡೆಯಿಂದ ನೆತ್ತಿಯ ನೇರದವರೆಗಿನ ಹತ್ತು ಅಡಿ ಅಗಲಕ್ಕೆ ಆರು ಅಡಿ ಎತ್ತರ ಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಹಳೆಯ ಮಾಡಿನ ಸೂರಿನಿಂದ ಜಗಲಿಗೆ ಇಳಿಸಿ ಕಟ್ಟಿದ ಚಪ್ಪಟೆ ಮಾಡುಗಳು ಸೋರುವುದಕ್ಕೆ ಹಂಚು ಕಾರಣವಲ್ಲ, ಅಲ್ಲಿ ನೀರು ಜಾರುವುದೇ ಇಲ್ಲ. ಅಂಥ ಕಡೆ ತಗಡಿನ ಶೀಟು ಹಾಕಿಸಿ ಎಂದು ನಾನೇ ಹೇಳುತ್ತೇನೆ, ಒಳಮೈಯಲ್ಲಿ ಬೆಳಗಿನ ಇಬ್ಬನಿ ಕಟ್ಟಿ ಹನಿಯುವುದನ್ನು ಸೋರಿಕೆಯೆಂದು ತಿಳಿಯದಿದ್ದರೆ ಸಾಕು.

ಪಕ್ಕಾಸುಗಳಲ್ಲಿ ಮೂರರಲ್ಲೊಂದು ಕುಂಬಾಗಿದ್ದರೆ ಅಥವಾ ಗೋಡೆಯ ಮೇಲೆ ಕೂರುವ ತುದಿಗಳು ಚಾಕುವಿಗೆ ಮೆತ್ತಗೆ ಸಿಕ್ಕರೆ ತೇಪೆ ಹಾಕುವುದನ್ನು ಬಿಟ್ಟು ಮಾಡನ್ನು ಇಳಿಸುವುದೇ ಒಳಿತು. ಆ ಕೆಲಸ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ತುಳುವರ ಪತ್ತನಾಜೆಯ ಒಳಗೆ ಮುಗಿಯಬೇಕು. ಇಳಿಸಿದ ಹಂಚುಗಳಲ್ಲಿ ಐವತ್ತನ್ನಾದರೂ ಹಟ್ಟಿಯ ಹಿಂದೆ ನಿಲ್ಲಿಸಿಡಿ. ತೆಂಗಿನಕಾಯಿ ಬಿದ್ದ ದಿನವೋ ಮಂಗಗಳು ಹಾರಿದ ದಿನವೋ ಅದೇ ಮುದ್ರೆಯ ಹಂಚು ಪೇಟೆಯಲ್ಲಿ ಸಿಗುವುದು ಕಷ್ಟ.