ಗಡಿ ದಾಟಲು ಅನುಮತಿ ಸಿಗದ ಬಾಕ್ಸರ್: ಲಾಸ್ಲೋ ಪಾಪ್ ವಿಶ್ವ ಪಟ್ಟಕ್ಕೆ ಸೆಣಸಲಾಗದೆ ಹೋದದ್ದೇಕೆ?

1965ರ ಆರಂಭದಲ್ಲಿ ಹಂಗೇರಿಯ ಲಾಸ್ಲೋ ಪಾಪ್ ಅವರಿಗೆ ಇನ್ನೇನು 39 ವರ್ಷ ತುಂಬುವುದರಲ್ಲಿತ್ತು. ವೃತ್ತಿಪರ ಬಾಕ್ಸರ್ ಆಗಿ ಅವರು 29 ಬಾರಿ ರಿಂಗ್‌ಗೆ ಇಳಿದಿದ್ದರು. 27ರಲ್ಲಿ ಗೆದ್ದು, ಎರಡನ್ನು ಡ್ರಾ ಮಾಡಿಕೊಂಡು, ಒಂದನ್ನೂ ಸೋತಿರಲಿಲ್ಲ. ಯುರೋಪಿನ ಮಿಡಲ್‌ವೇಟ್, ಅಂದರೆ ಮಧ್ಯಮ ತೂಕದ ವಿಭಾಗದ ಪಟ್ಟ ಅವರ ಕೈಯಲ್ಲೇ ಇತ್ತು. ಬಾಕಿ ಉಳಿದಿದ್ದದ್ದು ಅಮೆರಿಕದ ಜೋಯಿ ಜಿಯಾರ್ಡೆಲ್ಲೊ ಬಳಿಯಿದ್ದ ವಿಶ್ವ ಪಟ್ಟವೊಂದೇ. ಆದರೆ ಆ ಪಂದ್ಯ ನಡೆಯಲೇ ಇಲ್ಲ. ಹಣಕ್ಕಾಗಿ ಹೊಡೆದಾಡುವುದು ಸಮಾಜವಾದಿ ತತ್ವಕ್ಕೆ ಹೊಂದುವುದಿಲ್ಲ ಎಂಬ ಕಾರಣ ಕೊಟ್ಟು ಹಂಗೇರಿ ಸರ್ಕಾರ ಅವರಿಗೆ ಅನುಮತಿ ನಿರಾಕರಿಸಿತು. ಅದೇ ಸರ್ಕಾರದ ಒಪ್ಪಿಗೆಯಿಂದಲೇ ಪಾಪ್ ಏಳೆಂಟು ವರ್ಷ ಹಣಕ್ಕಾಗಿ ಹೊಡೆದಾಡಿದ್ದರು ಎಂಬುದು ಈ ಕಥೆಯನ್ನು ಸೋಜಿಗದ್ದಾಗಿಸುತ್ತದೆ.

ಇದರ ಬೇರು ‘ಹವ್ಯಾಸಿ’ ಎಂಬ ಒಂದು ಪದದಲ್ಲಿದೆ. ಎರಡನೇ ಮಹಾಯುದ್ಧದ ನಂತರದ ಒಲಿಂಪಿಕ್ಸ್‌ನಲ್ಲಿ, ಆಟದಿಂದ ಸಂಪಾದಿಸುವವರಿಗೆ ಪ್ರವೇಶವಿರಲಿಲ್ಲ. ಪಶ್ಚಿಮದ ದೇಶಗಳಲ್ಲಿ ಚಿನ್ನ ಗೆದ್ದ ಬಾಕ್ಸರ್ ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲೇ ಹವ್ಯಾಸಕ್ಕೆ ವಿದಾಯ ಹೇಳಿ, ಸಂಭಾವನೆಯ ಪಂದ್ಯಗಳತ್ತ ಹೊರಳುತ್ತಿದ್ದ. ಸೋವಿಯತ್ ಪ್ರಭಾವದ ಪೂರ್ವ ಯುರೋಪಿನಲ್ಲಿ ಆ ದಾರಿಯೇ ಮುಚ್ಚಿತ್ತು. ಅಲ್ಲಿ ಕ್ರೀಡಾಪಟುವಿನ ಹೆಸರು ಯಾವುದೋ ಕಾರ್ಖಾನೆಯ, ಸೇನೆಯ ಅಥವಾ ಇಲಾಖೆಯ ಪಟ್ಟಿಯಲ್ಲಿ ಇರುತ್ತಿತ್ತು, ಸಂಬಳ ಬರುತ್ತಿತ್ತು, ದಿನವೆಲ್ಲ ಅಭ್ಯಾಸ ನಡೆಯುತ್ತಿತ್ತು; ಕಾಗದದ ಮೇಲೆ ಮಾತ್ರ ಆತ ಹವ್ಯಾಸಿಯೇ. ಇದು ಎರಡೂ ಕಡೆಯವರಿಗೆ ಗೊತ್ತಿದ್ದ ಸೋಗು. ಹಾಗೆ ನೋಡಿದರೆ, ಗೆದ್ದ ಬಾಕ್ಸರ್ ವರ್ಷಗಟ್ಟಲೆ ಹವ್ಯಾಸಿಯಾಗಿಯೇ ಉಳಿದು, ಮತ್ತೆ ಮತ್ತೆ ಒಲಿಂಪಿಕ್ಸ್‌ಗೆ ಮರಳಲು ಅನುವಾದದ್ದೂ ಈ ಸೋಗಿನಿಂದಲೇ.

ಪಾಪ್ ಹುಟ್ಟಿದ್ದು 1926ರ ಮಾರ್ಚ್ 25ರಂದು, ಬುಡಾಪೆಸ್ಟ್‌ನಲ್ಲಿ. ಎತ್ತರ ಸುಮಾರು 5 ಅಡಿ 5 ಇಂಚು. ಮಿಡಲ್‌ವೇಟ್ ವಿಭಾಗಕ್ಕೆ ಇದು ಕಡಿಮೆಯೇ. ಈ ಕೊರತೆಯನ್ನು ತುಂಬಿಕೊಟ್ಟದ್ದು ಅವರ ಎಡಗೈ. ಬಲಗೈ ಬಾಕ್ಸರ್ ಎಡಗಾಲನ್ನು ಮುಂದಿಟ್ಟು ನಿಂತರೆ, ಎಡಗೈಯವರು ಬಲಗಾಲನ್ನು ಮುಂದಿಡುತ್ತಾರೆ; ಇಬ್ಬರ ಮುಂಗಾಲುಗಳೂ ಎದುರುಬದುರಾಗಿ, ಎದುರಾಳಿಗೆ ಅಭ್ಯಾಸವಿದ್ದ ಕೋನಗಳೆಲ್ಲ ತಪ್ಪಿಹೋಗುತ್ತವೆ. ಪಾಪ್ ಬಲಗೈಯನ್ನು ಚಾಚಿ ಎದುರಾಳಿಯ ಕಣ್ಣು ಕಟ್ಟುತ್ತ, ಅವನ ತೋಳುಗಳ ಒಳಗೆ ನುಗ್ಗಿ, ಹಿಂದೆ ಉಳಿಸಿಕೊಂಡಿದ್ದ ಎಡಗೈಯನ್ನು ಗಿಡ್ಡನೆಯ ಕೊಂಡಿಯಂತೆ ಬೀಸುತ್ತಿದ್ದರು. ‘ಹೊಡಿ ಲಾಟ್ಸಿ, ಅವನೇನು ನಿನ್ನಪ್ಪನಲ್ಲ’ ಎಂದು ಬುಡಾಪೆಸ್ಟ್‌ನ ಜನ ಕೂಗುತ್ತಿದ್ದದ್ದು ಅಲ್ಲಿ ಗಾದೆಯಂತೆ ಉಳಿದಿದೆ. ಲಾಟ್ಸಿ ಎಂಬುದು ಲಾಸ್ಲೋ ಹೆಸರಿನ ಮುದ್ದು ರೂಪ.

1948ರ ಲಂಡನ್ ಒಲಿಂಪಿಕ್ಸ್‌ನ ಮಿಡಲ್‌ವೇಟ್ ಫೈನಲ್‌ನಲ್ಲಿ ಅವರು ಬ್ರಿಟನ್ನಿನ ಜಾನ್ ರೈಟ್ ಅವರನ್ನು ಸೋಲಿಸಿದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಲೈಟ್ ಮಿಡಲ್‌ವೇಟ್ ಎಂಬ 71 ಕೆ.ಜಿ. ವಿಭಾಗ ಹೊಸದಾಗಿ ಸೇರ್ಪಡೆಯಾದಾಗ ಅದಕ್ಕೆ ಇಳಿದು, ದಕ್ಷಿಣ ಆಫ್ರಿಕಾದ ಥ್ಯೂನಿಸ್ ವಾನ್ ಶಾಲ್ಕ್‌ವಿಕ್ ವಿರುದ್ಧ ಎರಡನೇ ಚಿನ್ನ ಪಡೆದರು.

ಮೂರನೆಯದು ಬಂದ ಸಂದರ್ಭವೇ ಬೇರೆ. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ದಂಗೆ ಎದ್ದಿತು. ನವೆಂಬರ್ 4ರಂದು ಸೋವಿಯತ್ ಟ್ಯಾಂಕ್‌ಗಳು ನಗರಕ್ಕೆ ನುಗ್ಗಿದವು. ನವೆಂಬರ್ 22ರಂದು ಮೆಲ್ಬರ್ನ್ ಒಲಿಂಪಿಕ್ಸ್ ಆರಂಭವಾಯಿತು. ಊರಿನಲ್ಲಿ ಮನೆಯವರ ಗತಿ ಏನಾಗಿದೆಯೋ ಎಂಬ ಆತಂಕದಲ್ಲೇ ಹಂಗೇರಿಯ ತಂಡ ಸ್ಪರ್ಧಿಸಿತು. ಫೈನಲ್‌ನಲ್ಲಿ ಪಾಪ್ ಎದುರಿಗೆ ನಿಂತವರು ಅಮೆರಿಕದ ಪರ ಆಡುತ್ತಿದ್ದ, ಪೋರ್ಟೊರಿಕೊ ಮೂಲದ ಯುವಕ ಹೋಸೆ ಟೊರೆಸ್. ಅಂಕಗಳ ಮೇಲೆ ಗೆದ್ದ ಪಾಪ್, ಬಾಕ್ಸಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಪಡೆದ ಮೊದಲಿಗರಾದರು. ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್ ಇದನ್ನು ಸರಿಗಟ್ಟಿದ್ದು 1980ರಲ್ಲಿ, ಫೆಲಿಕ್ಸ್ ಸವೋನ್ 2000ದಲ್ಲಿ. ಮೆಲ್ಬರ್ನ್‌ನಿಂದ ಹಂಗೇರಿಯ ಹಲವು ಕ್ರೀಡಾಪಟುಗಳು ಸ್ವದೇಶಕ್ಕೆ ಮರಳಲಿಲ್ಲ. ಪಾಪ್ ಮರಳಿದರು.

ಮರು ವರ್ಷವೇ ಅವರಿಗೆ ವೃತ್ತಿಪರರಾಗಲು ಒಪ್ಪಿಗೆ ಸಿಕ್ಕಿತು. ಸೋವಿಯತ್ ಬಣದ ದೇಶವೊಂದರ ಬಾಕ್ಸರ್‌ಗೆ ಇಂಥ ಅವಕಾಶ ಸಿಕ್ಕದ್ದು ಅದೇ ಮೊದಲು. ದಂಗೆಯನ್ನು ಹತ್ತಿಕ್ಕಿ ಅಧಿಕಾರಕ್ಕೆ ಬಂದಿದ್ದ ಯಾನೋಶ್ ಕಾದಾರ್ ಸರ್ಕಾರಕ್ಕೆ, ದೇಶ ಬಿಡದೆ ಮನೆಗೆ ಬಂದ ಜನಪ್ರಿಯ ವ್ಯಕ್ತಿಯೊಬ್ಬರನ್ನು ಸಂತೋಷವಾಗಿಡುವುದು ಲಾಭದ ಮಾತಾಗಿ ಕಂಡಿರಬೇಕು ಎಂದು ನನ್ನ ಊಹೆ. ಆದರೆ ಹಂಗೇರಿಯಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಆಸ್ಪದವೇ ಇರಲಿಲ್ಲವಾದ್ದರಿಂದ ತಯಾರಿಗಾಗಿ ಅವರು ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋಗಬೇಕಿತ್ತು. ಅಂದರೆ ಅವರ ವೃತ್ತಿ ನಿಂತಿದ್ದದ್ದು ಗಡಿ ದಾಟುವ ಅನುಮತಿಯ ಮೇಲೆ. ಕೊಟ್ಟವರು ಅದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದಿತ್ತು.

ಆಗಲೇ 31 ವರ್ಷ. ಬೇರೆಯವರು ಇಳಿಮುಖವಾಗುವ ವಯಸ್ಸಿನಲ್ಲಿ ಪಾಪ್ ಹೊಸದಾಗಿ ಶುರುಮಾಡಿದರು. ಮೂರು ಸುತ್ತುಗಳ ಹವ್ಯಾಸಿ ಪಂದ್ಯಕ್ಕೂ ಪಟ್ಟಕ್ಕಾಗಿ ನಡೆಯುವ 15 ಸುತ್ತುಗಳ ಪಂದ್ಯಕ್ಕೂ ಅಜಗಜಾಂತರ; ಒಂದರಲ್ಲಿ 9 ನಿಮಿಷ, ಇನ್ನೊಂದರಲ್ಲಿ 45 ನಿಮಿಷ ಹೊಡೆದಾಡಬೇಕು. ಅದಕ್ಕಿಂತ ದೊಡ್ಡ ತೊಡಕು ಅವರ ಕೈಗಳೇ. ಹೊಡೆತದ ಬಲವನ್ನು ತಾಳಿಕೊಳ್ಳುವಷ್ಟು ಗಟ್ಟಿ ಮೂಳೆಗಳು ಅವರಿಗಿರಲಿಲ್ಲ, ಕೈಗೆ ಮತ್ತೆ ಮತ್ತೆ ಪೆಟ್ಟಾಗುತ್ತಿತ್ತು. ಆದರೂ 1962ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಡೆನ್ಮಾರ್ಕಿನ ಕ್ರಿಸ್ ಕ್ರಿಸ್ಟೆನ್ಸನ್ ಅವರನ್ನು 7ನೇ ಸುತ್ತಿನಲ್ಲಿ ಮಣಿಸಿ ಯುರೋಪಿನ ಪಟ್ಟ ಗೆದ್ದರು. ಅದನ್ನು ಮನೆಯಂಗಳದಲ್ಲೇ ಕಾಪಾಡಿಕೊಂಡು ಕೂರಲಿಲ್ಲ. ಅವರಿಗೆ ಮನೆಯಂಗಳವಾದರೂ ಎಲ್ಲಿತ್ತು? ಪ್ಯಾರಿಸ್, ಡಾರ್ಟ್‌ಮಂಡ್, ಮ್ಯಾಡ್ರಿಡ್, ಕೋಪನ್‌ಹೇಗನ್ ಹೀಗೆ ಎದುರಾಳಿಯ ನೆಲಕ್ಕೇ ಹೋಗಿ ಪಟ್ಟ ಉಳಿಸಿಕೊಂಡರು. 1963ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಜಾರ್ಜ್ ಆಲ್ಡ್ರಿಜ್ ಅವರು 14 ಸುತ್ತುಗಳವರೆಗೂ ನಿಂತರು. ಇನ್ನು ಅಂಕ ಎಣಿಸುವುದಷ್ಟೇ ಬಾಕಿ ಎನ್ನುವಾಗ 15ನೇ ಸುತ್ತಿನಲ್ಲಿ ಪಾಪ್ ಪಂದ್ಯ ಮುಗಿಸಿದರು. ಆಗ ಅವರಿಗೆ 37 ತುಂಬುವುದರಲ್ಲಿತ್ತು.

1964ರ ಅಕ್ಟೋಬರ್ 9ರಂದು ವಿಯೆನ್ನಾದಲ್ಲಿ ಮಿಕ್ ಲೀಹಿ ವಿರುದ್ಧ ಅಂಕಗಳ ಮೇಲೆ ಗೆದ್ದದ್ದೇ ಕೊನೆಯ ಪಂದ್ಯವಾಯಿತು. ಮುಂದಿನ ವರ್ಷ ಅನುಮತಿ ನಿಂತಿತು. ಜಿಯಾರ್ಡೆಲ್ಲೊ ಎದುರು ಪಾಪ್ ಗೆದ್ದೇ ಗೆಲ್ಲುತ್ತಿದ್ದರು ಎಂದು ಹೇಳುವ ಧೈರ್ಯ ನನಗಿಲ್ಲ. ಜಿಯಾರ್ಡೆಲ್ಲೊ ಆಗಷ್ಟೇ, 1964ರ ಡಿಸೆಂಬರ್‌ನಲ್ಲಿ, ರೂಬಿನ್ ಕಾರ್ಟರ್ ಅವರಂಥ ಬಿರುಸಿನ ಬಾಕ್ಸರ್‌ನನ್ನು 15 ಸುತ್ತು ಎದುರಿಸಿ ಗೆದ್ದಿದ್ದರು, ಪಾಪ್‌ಗಿಂತ ನಾಲ್ಕು ವರ್ಷ ಕಿರಿಯರೂ ಆಗಿದ್ದರು. ಆದರೆ ಆ ಪ್ರಶ್ನೆಗೆ ಉತ್ತರ ಸಿಗಬೇಕಿದ್ದದ್ದು ರಿಂಗ್‌ನಲ್ಲಿ. 1965ರ ಮಾರ್ಚ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿಲ್ಲಿ ಪಾಸ್ಟ್ರಾನೊ ಅವರನ್ನು ಸೋಲಿಸಿ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್ ಆದವರು, ಮೆಲ್ಬರ್ನ್‌ನಲ್ಲಿ ಪಾಪ್ ಕೈಯಲ್ಲಿ ಸೋತಿದ್ದ ಅದೇ ಹೋಸೆ ಟೊರೆಸ್.

ಪಾಪ್ ಆಗಲೂ ದೇಶ ಬಿಡಲಿಲ್ಲ. 1971ರಿಂದ 1992ರವರೆಗೆ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದರು. ಅವರ ಅವಧಿಯಲ್ಲೇ ತಂಡಕ್ಕೆ ಬಂದ ಇಷ್ಟ್ವಾನ್ ಕೊವಾಚ್ 1996ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು, ಆಡಳಿತ ಬದಲಾಗಿದ್ದ ಹಂಗೇರಿಯಲ್ಲಿ ಯಾರ ವಿಶೇಷ ಕೃಪೆಯೂ ಬೇಕಿಲ್ಲದೆ ವೃತ್ತಿಪರರಾಗಿ, 2001ರ ಜನವರಿಯಲ್ಲಿ ವಿಶ್ವ ಪಟ್ಟವೊಂದನ್ನು ಪಡೆದರು. ಅದನ್ನು ನೋಡಲು ಪಾಪ್ ಬದುಕಿದ್ದರು. ಅವರು ತೀರಿಕೊಂಡದ್ದು 2003ರ ಅಕ್ಟೋಬರ್ 16ರಂದು. ಅಮೆರಿಕದ ಕ್ಯಾನಸ್ಟೋಟಾದಲ್ಲಿರುವ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದೂ 2001ರಲ್ಲೇ. ಜಿಯಾರ್ಡೆಲ್ಲೊ ಹೆಸರು ಅಲ್ಲಿ 1993ರಿಂದಲೇ ಇತ್ತು.