ಕೇಳುವವರ ಮುಖವೂ ಮಾತಾಡುತ್ತದೆ

ಚುನಾವಣಾ ಟಿವಿ ಚರ್ಚೆಗಳ ವಿಷಯ ಬಂದರೆ ಒಂದು ಕಥೆ ತಪ್ಪದೆ ಬರುತ್ತದೆ. 1960ರ ಸೆಪ್ಟೆಂಬರ್ 26ರಂದು ಶಿಕಾಗೋದಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಕೆನಡಿ, ನಿಕ್ಸನ್ ಎದುರುಬದುರಾದರು. ಟಿವಿ ನೋಡಿದವರು ಕೆನಡಿ ಗೆದ್ದರೆಂದರು, ರೇಡಿಯೊ ಕೇಳಿದವರು ನಿಕ್ಸನ್ ಗೆದ್ದರೆಂದರು. ಇದಕ್ಕೆ ಆಧಾರವಾದ ಸಮೀಕ್ಷೆಯಲ್ಲಿ ರೇಡಿಯೊ ಕೇಳಿದವರು ಬರೀ 282 ಮಂದಿ. ಚರ್ಚೆಗೆ ಮುಂಚೆ ಅವರ ಒಲವು ಯಾರ ಕಡೆಗಿತ್ತೋ, ಸಮೀಕ್ಷೆ ಹೇಳುವುದಿಲ್ಲ. ಇಷ್ಟು ತೆಳ್ಳನೆಯ ಎಳೆಗೆ ಅರವತ್ತು ವರ್ಷಗಳಿಂದ ಬೆಟ್ಟ ಕಟ್ಟಿ ತೂಗುಹಾಕಿದ್ದೇವೆ.

ನಿಕ್ಸನ್ ಬೆವರಿದ್ದು ನಿಜ. ಆದರೆ ಅವರು ಮುಖ ಒರೆಸಿಕೊಂಡದ್ದು ಜನರಿಗೆ ಕಂಡದ್ದು ಕೆನಡಿ ಮಾತಾಡುತ್ತಿದ್ದಾಗ. ಗಮನಿಸಬೇಕಾದ್ದು ಇದೇ. ಎಂಟು ನಿಮಿಷದ ಆರಂಭಿಕ ಭಾಷಣವನ್ನು ಬಾಯಿಪಾಠ ಮಾಡಬಹುದು. ಎದುರಾಳಿಯ ಎಂಟು ನಿಮಿಷ ಕೇಳಿಸಿಕೊಳ್ಳುವ ಮುಖಕ್ಕೆ ಯಾರೂ ಸಂಭಾಷಣೆ ಬರೆದುಕೊಡುವುದಿಲ್ಲ. ವೈದ್ಯರು ಸ್ಕ್ಯಾನ್ ಎತ್ತಿ ನೋಡುವಾಗ ನಾವು ನೋಡುವುದು ಸ್ಕ್ಯಾನನ್ನಲ್ಲ, ವೈದ್ಯರ ಮುಖವನ್ನು. ಅಡುಗೆ ಮಾಡಿದವರನ್ನಲ್ಲ, ಮೊದಲ ತುತ್ತು ಬಾಯಿಗಿಟ್ಟವರನ್ನು. ಪಾಠದ ಅಂಚಿನಲ್ಲಿ ಯಾರೋ ಗೀಚಿದ ಟಿಪ್ಪಣಿಯಂತೆ ಆ ಮುಖ, ಕಿವಿಗೆ ಬಿದ್ದ ವಾಕ್ಯ ಮುಗಿಯುವ ಮೊದಲೇ ಅದರ ಬೆಲೆ ಕಟ್ಟಿಬಿಟ್ಟಿರುತ್ತದೆ.

2000ರ ಅಕ್ಟೋಬರ್ 3ರಂದು ಬಾಸ್ಟನ್‌ನಲ್ಲಿ ಅಧ್ಯಕ್ಷ ಅಭ್ಯರ್ಥಿ ಅಲ್ ಗೋರ್ ಎಡವಿದ್ದೂ ಇಲ್ಲೇ. ಎದುರಾಳಿ ಬುಷ್ ಮಾತಾಡುವಾಗ ಗೋರ್ ಬಿಟ್ಟ ನಿಟ್ಟುಸಿರನ್ನು ತೆರೆದಿದ್ದ ಮೈಕ್ ಎತ್ತಿಕೊಂಡಿತು, ಇಬ್ಭಾಗವಾದ ಪರದೆ ಮುಖ ತೋರಿಸಿತು. ಮುಂದಿನ ಚರ್ಚೆಗೆ ಎಷ್ಟು ಮೆತ್ತಗಾಗಿ ಬಂದರೆಂದರೆ ಅದೂ ದೋಷವಾಯಿತು. ಇದಕ್ಕೆ ಮದ್ದುಗಳು ಎರಡು ಮೂರೇ, ಒಂದೂ ಪೂರ್ತಿ ಹಿಡಿಯುವುದಿಲ್ಲ: ತಲೆ ತಗ್ಗಿಸಿ ಬರೆದುಕೊಂಡರೆ ತಪ್ಪಿಸಿಕೊಂಡಂತೆ ಕಾಣುತ್ತದೆ, ನಗು ಅಂಟಿಸಿಕೊಂಡರೆ ಅಣಕದಂತೆ, ತಲೆಯಾಡಿಸಿದರೆ ಒಪ್ಪಿದಂತೆ.

ಫ್ರಾನ್ಸಿನಲ್ಲಿ ಅಧ್ಯಕ್ಷ ಅಭ್ಯರ್ಥಿ ಮಿತ್ತೆರಾಂ ಕಡೆಯವರು 1981ರಲ್ಲಿ ಈ ಬಾಗಿಲನ್ನೇ ಮುಚ್ಚಿಸಿದರು: ಒಬ್ಬರು ಮಾತಾಡುವಾಗ ಪರದೆಯ ದೃಶ್ಯ ಕೇಳುವವರ ಮುಖಕ್ಕೆ ಹೊರಳಕೂಡದು. ಅಲ್ಲಿ ಮೇಜಿನ ಆಚೀಚೆ ಕುಳಿತ ಇಬ್ಬರಿಗೂ ಗಡಿಯಾರ ಎಣಿಸುವುದು ಒಟ್ಟು ಮಾತಿನ ಸಮಯವನ್ನು. ಆದ್ದರಿಂದ ವಾದ ಉದ್ದಕ್ಕೆ ಹರಿಯುತ್ತದೆ, ನೋಟ ಎದುರಾಳಿಯ ಮೇಲೇ ಇರುತ್ತದೆ. ಅಮೆರಿಕದಲ್ಲಿ ಒಂದೆರಡು ನಿಮಿಷದ ತುಂಡು ಉತ್ತರ. ಹಾಗಾಗಿ ಮೊದಲೇ ಮಸೆದಿಟ್ಟ ಚಾಟಿಮಾತು, ಕ್ಯಾಮೆರಾದ ಕಡೆಗೆ ಕಣ್ಣು. ಬ್ರಿಟನ್ನಿನ 2010ರ ಮೊದಲ ಚರ್ಚೆಯಲ್ಲಿ 76 ನಿಯಮಗಳಿದ್ದವು, ಸಭಿಕರು ಚಪ್ಪಾಳೆ ತಟ್ಟುವಂತಿರಲಿಲ್ಲ. ಲಿಬರಲ್ ಡೆಮೊಕ್ರಾಟ್ ಪಕ್ಷದ ನಾಯಕ ನಿಕ್ ಕ್ಲೆಗ್ ಪ್ರಶ್ನೆ ಕೇಳಿದವರ ಹೆಸರು ಹಿಡಿದು ಕರೆದು, ಉತ್ತರವನ್ನು ನೇರ ಲೆನ್ಸಿಗೆ ಕೊಟ್ಟರು.

ಪರದೆಯ ಕೆಳಗೆ ಹರಿದಾಡುವ ‘ಹುಳ’ದ ಗೆರೆಯೂ ಇಂಥದೇ ಒಂದು ಮುಖ, ಗುಂಪಿನ ಮುಖ. ಕೆಲವು ವೀಕ್ಷಕರ ಕೈಗೆ ತಿರುಗಣೆ ಕೊಟ್ಟು, ಅವರ ಮೆಚ್ಚುಗೆಯ ಸರಾಸರಿಯನ್ನು ಗೆರೆಯಾಗಿ ಓಡಿಸುತ್ತಾರೆ. 2010ರ ಮೂರನೆಯ ಬ್ರಿಟಿಷ್ ಚರ್ಚೆ ನಡೆಯುವಾಗ ಸಂಶೋಧಕರು ಸುಮಾರು 150 ಮಂದಿಗೆ ಸುಳ್ಳು ಹುಳ ತೋರಿಸಿದರು: ಒಂದು ಗುಂಪಿಗೆ ಆಗಿನ ಪ್ರಧಾನಿ ಬ್ರೌನ್ ಪರ, ಇನ್ನೊಂದಕ್ಕೆ ಕ್ಲೆಗ್ ಪರ. ಗೆದ್ದವರು ಯಾರೆಂಬ ತೀರ್ಪು ಹುಳದ ಹಿಂದೆಯೇ ಹೋಯಿತು.

ಮಾತೇ ಇಲ್ಲದ ಚರ್ಚೆಯೂ ಆಗಿಹೋಗಿದೆ. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಧ್ವನಿ ಕೈಕೊಟ್ಟಿತು. ಅಧ್ಯಕ್ಷ ಫೋರ್ಡ್, ಎದುರಾಳಿ ಕಾರ್ಟರ್ ತಮ್ಮ ತಮ್ಮ ಪೀಠದ ಹಿಂದೆ 27 ನಿಮಿಷ ಕಾದರು. ಒಬ್ಬರ ಕಡೆ ಒಬ್ಬರು ತಿರುಗಿ ಒಂದು ಮಾತೂ ಆಡಲಿಲ್ಲ. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು.